ಕಾವೇರಿ ನೀರು ಬರುವ ಮನೆಗೂ ಆರ್‌ಓ ಬೇಕಾ?

ಹೊಸಮನೆ:
ನಮಸ್ಕಾರ. ಕೆಂಗೇರಿ ಕಡೆ ಒಂದು ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದಿದ್ದೇವೆ. ವಾರದಲ್ಲಿ ಕೆಲವು ದಿನ ಕಾವೇರಿ ನೀರು, ಮಿಕ್ಕ ದಿನ ಬೋರ್ ನೀರು. ಎರಡೂ ಒಂದೇ ಸಂಪಿಗೆ ಬೀಳುತ್ತವೆ. ಬೇಸಿಗೆಯಲ್ಲಿ ಟ್ಯಾಂಕರ್ ಕೂಡ ತರಿಸುತ್ತಾರಂತೆ.

ಮೊನ್ನೆ ಫಿಲ್ಟರ್ ಮಾರುವ ಹುಡುಗ ಮನೆಗೆ ಬಂದಿದ್ದ. ಎರಡು ಗ್ಲಾಸ್ ಇಟ್ಟ. ಒಂದಕ್ಕೆ ನಮ್ಮ ನಲ್ಲಿ ನೀರು, ಇನ್ನೊಂದಕ್ಕೆ ಅವನೇ ಬಾಟಲಿಯಲ್ಲಿ ತಂದಿದ್ದ ಆರ್‌ಓ ನೀರು, ಅಂದರೆ ಲವಣವನ್ನೂ ತೆಗೆಯುವ ಫಿಲ್ಟರಿನಲ್ಲಿ ಸೋಸಿದ್ದು. ಪ್ಲಗ್ಗಿಗೆ ಸಿಕ್ಕಿಸುವ ಒಂದು ಸಾಧನದ ಕಡ್ಡಿಗಳನ್ನು ಎರಡರಲ್ಲೂ ಅದ್ದಿದ. ಒಂದೆರಡು ನಿಮಿಷದಲ್ಲಿ ನಮ್ಮ ಗ್ಲಾಸು ಕಂದು ಬಣ್ಣಕ್ಕೆ ತಿರುಗಿತು, ಮೇಲೆ ಕೊಳಕು ನೊರೆ ಕಟ್ಟಿತು. ಅವನ ಗ್ಲಾಸು ತಿಳಿಯಾಗಿಯೇ ಇತ್ತು. ನಮ್ಮ ಅತ್ತೆ ಅಂದಿನಿಂದ ನಲ್ಲಿ ನೀರು ಮುಟ್ಟುತ್ತಿಲ್ಲ. ಮನೆಯಲ್ಲಿ ಎರಡು ವರ್ಷದ ಮಗು ಇದೆ. ಮೆಷಿನ್ನಿಗೆ 18,000 ಹೇಳುತ್ತಿದ್ದಾನೆ.

ನೀರಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರ್ ತರಿಸಿ ನೋಡಿದೆ. ಕಾವೇರಿ ಬಂದ ದಿನ 190ರ ಆಸುಪಾಸು, ಬೋರ್ ಬೆರೆತ ದಿನ 430. ತೆಗೆದುಕೊಳ್ಳಬೇಕಾ, ಬೇಡವಾ? ತಿಳಿದವರು ಹೇಳಿ.

ಕೆಮಿಸ್ಟ್ರಿ_ಮೇಷ್ಟ್ರು:
ಮೊದಲು ನಿಮ್ಮ ಅತ್ತೆಯವರ ಭಯ ಬಿಡಿಸಿ. ಆ ಕಂದು ಬಣ್ಣ ನಿಮ್ಮ ನೀರಿನದಲ್ಲ, ಅವನ ಕಡ್ಡಿಯದು.

ಆ ಸಾಧನದಲ್ಲಿ ಕಬ್ಬಿಣದ ಕಡ್ಡಿ ಇರುತ್ತದೆ. ನೀರಿನಲ್ಲಿ ಕರಗಿದ ಲವಣ ಇದ್ದರೆ ಕರೆಂಟ್ ಹರಿಯುತ್ತದೆ. ಹರಿದಾಗ ಕಬ್ಬಿಣವೇ ಸ್ವಲ್ಪ ಸ್ವಲ್ಪ ಕರಗಿ ತುಕ್ಕಿನ ಬಣ್ಣದ ಗಷ್ಟು ಆಗುತ್ತದೆ. ಆರ್‌ಓ ನೀರಲ್ಲಿ ಲವಣ ತೀರಾ ಕಡಿಮೆ. ಕರೆಂಟ್ ಹರಿಯುವುದಿಲ್ಲ, ಕಡ್ಡಿ ಕರಗುವುದಿಲ್ಲ, ಬಣ್ಣವೂ ಬರುವುದಿಲ್ಲ. ಅಷ್ಟೇ.

ಅವನು ಮತ್ತೆ ಬಂದರೆ ಅವನದೇ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಕಲಕಿ ಕಡ್ಡಿ ಅದ್ದಲು ಹೇಳಿ. ಆ ಗ್ಲಾಸೂ ಕಂದು ಆಗುತ್ತದೆ. ಅತ್ತೆಯವರ ಎದುರಿಗೇ ಮಾಡಿಸಿ. ನಾನು ಪಿಯುಸಿ ಮಕ್ಕಳಿಗೆ ಇದನ್ನು ಮಾಡಿ ತೋರಿಸುತ್ತೇನೆ. ಅವರು ಮನೆಗೆ ಹೋಗಿ ಹೇಳಲಿ ಎಂದೇ ತೋರಿಸುವುದು. ಜನರನ್ನು ಹೆದರಿಸಿ ಮೆಷಿನ್ ಮಾರುವುದನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಇನ್ನು ನಿಮ್ಮ ಲೆಕ್ಕ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಸಿಗದ ಕಡೆ 2000ದ ತನಕ ಒಪ್ಪಿದ್ದಾರೆ. ನಿಮ್ಮದು 190, 430. ಬರೀ ಟಿಡಿಎಸ್ ಕಾರಣಕ್ಕೆ ಆರ್‌ಓ ಬೇಕಿಲ್ಲ.

ಫಿಲ್ಟರ್_ರಿಪೇರಿ:
ಮೇಷ್ಟ್ರು ಹೇಳಿದ್ದು ಸರಿ. ಈ ಕೆಲಸದಲ್ಲೇ ಹೊಟ್ಟೆ ಹೊರೆಯುವವನು ನಾನು. ಒಳಗೆ ಏನಿದೆ ಎಂದು ಹೇಳುತ್ತೇನೆ ಅಕ್ಕಾ, ಆಮೇಲೆ ನೀವೇ ಯೋಚನೆ ಮಾಡಿ.

ನೀರು ಮೊದಲು ಸೆಡಿಮೆಂಟ್ ಫಿಲ್ಟರಿಗೆ ಹೋಗುತ್ತದೆ. ಬಿಳಿ ದಾರ ಸುತ್ತಿದ ಹಾಗಿರುತ್ತದಲ್ಲ, ಅದು. ಮಣ್ಣು, ಮರಳು ಅಲ್ಲಿ ನಿಲ್ಲುತ್ತದೆ. ಆಮೇಲೆ ಕಾರ್ಬನ್. ಅದು ಕ್ಲೋರಿನ್, ವಾಸನೆ ಎಳೆದುಕೊಳ್ಳುತ್ತದೆ. ನಂತರ ಪಂಪು ಒತ್ತಡ ಹಾಕಿ ನೀರನ್ನು ಮೆಂಬ್ರೇನಿಗೆ, ಅಂದರೆ ಲವಣ ತಡೆಯುವ ಪೊರೆಗೆ, ನುಗ್ಗಿಸುತ್ತದೆ. ಮೆಂಬ್ರೇನ್ ಬಿಚ್ಚಿ ನೋಡಿದರೆ ಸುರುಳಿ ಸುತ್ತಿಟ್ಟ ಚಾಪೆಯ ಹಾಗೆ ಇರುತ್ತದೆ. ದಾಟಿ ಬಂದದ್ದು ಟ್ಯಾಂಕಿಗೆ. ದಾಟದ ನೀರು ಲವಣ ಹೊತ್ತುಕೊಂಡು ಸಣ್ಣ ಪೈಪಿನಲ್ಲಿ ಸಿಂಕಿಗೆ.

ಆ ಸಿಂಕಿನ ಪೈಪನ್ನು ಒಂದು ದಿನ ಬಕೆಟ್ಟಿಗೆ ಬಿಟ್ಟು ನೋಡಿ. ಮಾಮೂಲಿ ಮನೆ ಮೆಷಿನ್ನಿನಲ್ಲಿ 1 ಲೀಟರ್ ಒಳ್ಳೆ ನೀರಿಗೆ ಹೆಚ್ಚು ಕಡಿಮೆ 3 ಲೀಟರ್ ಹೊರಗೆ ಹೋಗುತ್ತದೆ. ಕುಡಿಯೋದು, ಅಡುಗೆ ಎಲ್ಲ ಸೇರಿ ದಿನಕ್ಕೆ 20 ಲೀಟರ್ ಅಂದುಕೊಳ್ಳಿ. 60 ಲೀಟರ್ ಹೊರಗೆ. ವರ್ಷಕ್ಕೆ 21,900 ಲೀಟರ್. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಮೂರೂವರೆ ಟ್ಯಾಂಕರ್ ಆಯಿತು. ಒಂದು ಮನೆಯದು ಇಷ್ಟು.

ತೊರೆಕಾಡನಹಳ್ಳಿ:
ನಮ್ಮೂರ ಕಡೆಯಿಂದಲೇ ನಿಮಗೆ ನೀರು ಬರುವುದು. ಸುಮಾರು 100 ಕಿಲೋಮೀಟರ್ ದೂರ, ಮೇಲಕ್ಕೆ ಹಂತ ಹಂತವಾಗಿ ಪಂಪ್ ಮಾಡಿ ಕಳಿಸುತ್ತಾರೆ. ಶುದ್ಧ ಮಾಡಿ, ಕ್ಲೋರಿನ್ ಹಾಕಿ ಕಳಿಸಿದ ನೀರು ಅದು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ 5ನೇ ಹಂತ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್. ಅದೇ ವರ್ಷ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಜನ ಕೊಡ ಹಿಡಿದು ನಿಂತಿದ್ದರು. ಹಾಗಿರುವಾಗ ಇಷ್ಟು ಕರೆಂಟ್ ಸುಟ್ಟು ತಂದ ನೀರಿನ ಮುಕ್ಕಾಲು ಪಾಲು ಸಿಂಕಿನಲ್ಲಿ ಹೋಗುತ್ತದೆ ಎಂದರೆ ಹೊಟ್ಟೆ ಉರಿಯುತ್ತದೆ.

ಪಾವಗಡದವ:
ಎಲ್ಲರೂ ಬೆಂಗಳೂರಿನ ಲೆಕ್ಕ ಹೇಳುತ್ತಿದ್ದೀರಿ. ಇದನ್ನು ಓದಿ ನಮ್ಮ ಕಡೆಯ ಯಾರಾದರೂ ಆರ್‌ಓ ತೆಗೆದು ಹಾಕಿಬಿಟ್ಟರೆ? ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಪಾವಗಡ ತಾಲ್ಲೂಕು. ನೀರು ನೋಡಲು ತಿಳಿ, ಕುಡಿದರೆ ಸಪ್ಪೆ ಏನಿಲ್ಲ, ವಾಸನೆ ಇಲ್ಲ. ಆದರೆ ಫ್ಲೋರೈಡ್ ಎಂಬ ಲವಣ ಜಾಸ್ತಿ. ಶಾಲೆ ಮಕ್ಕಳು ನಕ್ಕರೆ ಗೊತ್ತಾಗುತ್ತದೆ, ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ. ನಮ್ಮಜ್ಜಿಗೆ ಕೊನೆಕೊನೆಗೆ ಕತ್ತು ತಿರುಗಿಸಲು ಆಗುತ್ತಿರಲಿಲ್ಲ. ಯಾರಾದರೂ ಪಕ್ಕದಿಂದ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದಳು. ವಯಸ್ಸಾಯಿತು, ವಾಯು ಎಂದು ಎಣ್ಣೆ ಹಚ್ಚುತ್ತಿದ್ದೆವು. ಮೂಳೆಗೆ ಫ್ಲೋರೈಡ್ ಸೇರಿದರೆ ಹಾಗಾಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ತಿಳಿದದ್ದು. ಒಮ್ಮೆ ಮೂಳೆಗೆ ಸೇರಿದರೆ ಅದಕ್ಕೆ ಔಷಧಿ ಇಲ್ಲ.

ಈಗ ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ. 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಅದೂ ಆರ್‌ಓನೇ. ನಮಗೆ ಅದು ದೊಡ್ಡ ಉಪಕಾರ. ಕೆಟ್ಟು ನಿಂತರೆ ಮಾತ್ರ ಕಷ್ಟ, ಪಕ್ಕದೂರಿಗೆ ಬೈಕಿನಲ್ಲಿ ಎರಡೂ ಕಡೆ ಕ್ಯಾನ್ ಕಟ್ಟಿಕೊಂಡು ಹೋಗಬೇಕು. ಕಾದಿದ್ದು ಸಾಕಾಗಿ ಕೆಲವರು ಮತ್ತೆ ಬೋರ್ ನೀರೇ ಕುಡಿಯುತ್ತಾರೆ. ಅದನ್ನು ನೋಡಿದರೆ ಸಂಕಟ ಆಗುತ್ತದೆ.

ಕೆಮಿಸ್ಟ್ರಿ_ಮೇಷ್ಟ್ರು:
ಇದನ್ನು ಬರೆದದ್ದು ತುಂಬಾ ಒಳ್ಳೆಯದಾಯಿತು. ಅಜ್ಜಿಯ ವಿಷಯ ಓದಿ ಬೇಜಾರಾಯಿತು.

ಇಲ್ಲೇ ಟಿಡಿಎಸ್ ಮೀಟರ್ ಕೈಕೊಡುವುದು. ಆ ಪೆನ್ನಿನಂಥ ಮೀಟರು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಎಂದು ಮಾತ್ರ ಅಳೆಯುತ್ತದೆ. ಯಾವ ಲವಣ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ ಹೆಚ್ಚೆಂದರೆ 1.5. ಈಗ ನೋಡಿ, ಒಟ್ಟು ಲವಣ 450, ಅದರಲ್ಲಿ ಫ್ಲೋರೈಡ್ 3. ಮೀಟರ್ ನೋಡಿದವರು ಒಳ್ಳೆ ನೀರು ಎನ್ನುತ್ತಾರೆ. ನಿಜಕ್ಕೂ ಅದು ಕುಡಿಯಬಾರದ ನೀರು. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಜಾಸ್ತಿಯಾಗುತ್ತದೆ. ನೈಟ್ರೇಟ್ ಕೂಡ ಹಾಗೆಯೇ, ಅದರ ಮಿತಿ 45. ಬ್ಯಾಕ್ಟೀರಿಯಾ ಅಂತೂ ಮೀಟರಿಗೆ ಕಾಣುವುದೇ ಇಲ್ಲ. ಟಿಡಿಎಸ್ 60 ಇರುವ ನೀರಿನಿಂದಲೂ ವಾಂತಿಭೇದಿ ಬರಬಹುದು.

ಪಾವಗಡ, ಕೋಲಾರ, ಬಾಗೇಪಲ್ಲಿ, ಮುಂಡರಗಿ ಕಡೆಯವರು ಫ್ಲೋರೈಡ್ ಪರೀಕ್ಷೆ ಮಾಡಿಸದೆ ಏನನ್ನೂ ತೀರ್ಮಾನ ಮಾಡಬೇಡಿ. ಯಾದಗಿರಿ, ರಾಯಚೂರಿನಲ್ಲಿ ಚಿನ್ನದ ಗಣಿ ಸುತ್ತಲಿನ ಊರವರು ಆರ್ಸೆನಿಕ್ ಕೂಡ ನೋಡಿಸಬೇಕು. ಇಂಥ ಕಡೆ ಆರ್‌ಓ ಬೇಡ ಎನ್ನುವುದು ತಪ್ಪಾಗುತ್ತದೆ.

1960ರ ಸುಮಾರಿಗೆ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಬಳಕೆಗೆ ಬರುವಂಥ ಮೊದಲ ಆರ್‌ಓ ಪೊರೆ ಮಾಡಿದವರು ಸಿಡ್ನಿ ಲೋಬ್ ಮತ್ತು ಭಾರತದಿಂದ ಹೋದ ಶ್ರೀನಿವಾಸ ಸೌರಿರಾಜನ್. ಅವರು ಹುಡುಕುತ್ತಿದ್ದದ್ದು ಸಮುದ್ರದ ಉಪ್ಪು ನೀರನ್ನು ಸಿಹಿ ಮಾಡುವ ದಾರಿ. ಲವಣ ತೆಗೆಯಲೆಂದೇ ಹುಟ್ಟಿದ್ದು ಇದು. ಲವಣವೇ ತೊಂದರೆ ಆಗಿರುವ ಕಡೆ ಇದಕ್ಕಿಂತ ಒಳ್ಳೆಯದು ಮನೆಮಟ್ಟಕ್ಕೆ ಕಡಿಮೆ. ಲವಣ ತೊಂದರೆ ಅಲ್ಲದ ಕಡೆ ಇದನ್ನು ಯಾಕೆ ಹಾಕಬೇಕು?

ತೀರ್ಥಹಳ್ಳಿ:
ನಮ್ಮಲ್ಲಿ ಬಾವಿ ನೀರಿನ ಟಿಡಿಎಸ್ 45. ಆದರೂ ಪಕ್ಕದ ಮನೆಗೆ ಆರ್‌ಓ ಮಾರಿ ಹೋಗಿದ್ದಾರೆ! ಈಗ ಅವರ ನೀರು 6 ತೋರಿಸುತ್ತದೆ. ಕುಡಿದರೆ ನಾಲಿಗೆಗೆ ಏನೂ ಹತ್ತುವುದಿಲ್ಲ.

ಕೆಮಿಸ್ಟ್ರಿ_ಮೇಷ್ಟ್ರು:
ಅವರಿಗೆ ಬೇಕಾದದ್ದು ಕುದಿಸಿದ ನೀರು, ಇಲ್ಲವೇ ಯುವಿ, ಅಂದರೆ ನೇರಳಾತೀತ ಬೆಳಕಿನಿಂದ ಬ್ಯಾಕ್ಟೀರಿಯಾ ಕೊಲ್ಲುವ ಫಿಲ್ಟರ್. ಮಲೆನಾಡಿನ ಬಾವಿಯಲ್ಲಿ ನೋಡಬೇಕಾದದ್ದು ಬ್ಯಾಕ್ಟೀರಿಯಾ, ಆಮೇಲೆ ಕಬ್ಬಿಣ. ಸೇದಿಟ್ಟ ನೀರು ಬೆಳಗಾಗುವುದರೊಳಗೆ ಕೆಂಪಾದರೆ ಕಬ್ಬಿಣ ಇದೆ ಎಂದರ್ಥ. ಗಾಳಿಗೆ ಬಿಟ್ಟು ಮರಳಿನಲ್ಲಿ ಸೋಸಿದರೆ ಅದು ಹೋಗುತ್ತದೆ.

ಕುಂದಾಪುರ_ಭಟ್ರು:
ಕರಾವಳಿಯದ್ದೂ ಸೇರಿಸಿ. ಮಳೆಗಾಲದಲ್ಲಿ ನಮ್ಮ ಬಾವಿ ನೀರು ಮೆತ್ತಗೆ, ಸಿಹಿ. ಹೊಳೆ ಬಾಯಿಗೆ ಹತ್ತಿರ ಇರುವ ಮನೆಗಳಿಗೆ ಏಪ್ರಿಲ್, ಮೇ ಬಂದರೆ ಉಪ್ಪು ನುಗ್ಗುತ್ತದೆ. ಅದೇ ಬಾವಿ, ಎರಡು ನೀರು. ಆ ಎರಡು ತಿಂಗಳಿಗೆ ಆರ್‌ಓ ಇಟ್ಟುಕೊಂಡವರನ್ನು ತಪ್ಪು ಎನ್ನಲಾರೆ.

ಧಾರವಾಡ_ಅವ್ವ:
ನಾನೊಂದು ಅಡುಗೆ ಮನೆ ಮಾತು ಹೇಳುತ್ತೇನೆ. ಬೋರ್ ನೀರಲ್ಲಿ ತೊಗರಿಬೇಳೆ ಎಷ್ಟು ಸೀಟಿ ಹಾಕಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಚಹಾದ ಮೇಲೆ ಎಣ್ಣೆಯಂಥ ಪದರ. ಪಾತ್ರೆ ತಳದಲ್ಲಿ ಸುಣ್ಣ. ಇಂಥ ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ, ಖರೆ ಏನು?

ಕೆಮಿಸ್ಟ್ರಿ_ಮೇಷ್ಟ್ರು:
ಅವ್ವಾ, ಬೇಳೆ ಬೇಯದಿರುವುದು ಖರೆ. ನೀರಿನ ಕ್ಯಾಲ್ಸಿಯಂ ಕಾಳಿನ ಸಿಪ್ಪೆ, ಗೋಡೆಯನ್ನು ಗಟ್ಟಿ ಮಾಡುತ್ತದೆ. ಕಿಡ್ನಿ ಕಲ್ಲಿನ ಮಾತಿಗೆ ಗಟ್ಟಿ ಆಧಾರ ಇಲ್ಲ. ಗಡಸು ನೀರಿಗಿಂತ ಕಡಿಮೆ ನೀರು ಕುಡಿಯುವುದೇ ಕಲ್ಲಿಗೆ ದೊಡ್ಡ ಕಾರಣ. ಕಲ್ಲು ಬಂದವರು ಡಾಕ್ಟರನ್ನು ಕೇಳಿಯೇ ನಡೆಯಿರಿ. ಮಾನದಂಡದಲ್ಲಿ ಗಡಸುತನ 200 ಒಳಗಿದ್ದರೆ ಚೆನ್ನ, ಬೇರೆ ದಾರಿ ಇಲ್ಲದಿದ್ದರೆ 600ರ ತನಕ ಸರಿ. ಬೇಳೆಗೆ ಮಾತ್ರ ಕುದಿಸಿ ಆರಿಸಿ, ಕೆಳಗೆ ಕುಳಿತ ಸುಣ್ಣ ಬಿಟ್ಟು ಮೇಲಿನ ತಿಳಿ ಬಳಸಿ ನೋಡಿ. ಎಲ್ಲಾ ಗಡಸುತನ ಹೋಗುವುದಿಲ್ಲ, ಆದರೆ ವ್ಯತ್ಯಾಸ ಗೊತ್ತಾಗುತ್ತದೆ.

ಮಂಡ್ಯ_ಕಬ್ಬು:
ಆರ್‌ಓ ನೀರು ಸತ್ತ ನೀರು, ಖನಿಜ ಎಲ್ಲಾ ಹೋಗುತ್ತದೆ ಎನ್ನುತ್ತಾರೆ. ಟಿಡಿಎಸ್ ಅಡ್ಜಸ್ಟ್ ಮಾಡುವ ತಿರುಪು ಇದೆಯಲ್ಲ, ಅದನ್ನು ತಿರುಗಿಸಿ 150ಕ್ಕೆ ಇಟ್ಟುಕೊಂಡರೆ ಆಯಿತು ಅಲ್ವಾ?

ಫಿಲ್ಟರ್_ರಿಪೇರಿ:
ಅಣ್ಣಾ, ಈ ತಿರುಪಿನ ವಿಷಯ ಗ್ರಾಹಕರಿಗೆ ಯಾರೂ ಹೇಳುವುದಿಲ್ಲ. ಅದು ಖನಿಜ ಸೇರಿಸುವ ಸಾಧನ ಅಲ್ಲ. ಮೆಂಬ್ರೇನಿಗೆ ಹೋಗದ ನೀರನ್ನು ಪಕ್ಕದ ದಾರಿಯಲ್ಲಿ ತಂದು ಒಳ್ಳೆ ನೀರಿಗೆ ಬೆರೆಸುತ್ತದೆ. ಕಾವೇರಿ ನೀರಿಗಾದರೆ ಪರವಾಗಿಲ್ಲ. ಆದರೆ ಹಾಗೆ ಬೆರೆಸಿ ಕುಡಿಯುವುದಾದರೆ ಆರ್‌ಓ ಯಾಕೆ ಹಾಕಿಸಿದ್ದು?

ಪಾವಗಡದವರ ಮನೆಯಲ್ಲಿ ಆ ತಿರುಪು ಪೂರ್ತಿ ಮುಚ್ಚಿರಬೇಕು. ಲೆಕ್ಕ ನೋಡಿ. ಬೋರ್ ನೀರಲ್ಲಿ ಫ್ಲೋರೈಡ್ 3 ಇದೆ, ಮೆಂಬ್ರೇನ್ ದಾಟಿದ್ದರಲ್ಲಿ 0.3 ಇದೆ ಎಂದುಕೊಳ್ಳಿ. ರುಚಿಗೆಂದು 30% ಬೋರ್ ನೀರು ಬೆರೆಸಿದರೆ ಕುಡಿಯುವ ನೀರಲ್ಲಿ 1.1 ಆಯಿತು. ಮಿತಿ ದಾಟಿತು. ದುಡ್ಡು ಕೊಟ್ಟು ಮೆಷಿನ್ ಹಾಕಿಸಿ, ಮತ್ತೆ ಅದನ್ನೇ ಕುಡಿದ ಹಾಗಾಯಿತು.

ಪಾವಗಡದವ:
ಇದು ಗೊತ್ತೇ ಇರಲಿಲ್ಲ. ಅಕ್ಕನ ಮನೆಗೆ ಈಗಲೇ ಫೋನ್ ಮಾಡುತ್ತೇನೆ.

ಕೆಮಿಸ್ಟ್ರಿ_ಮೇಷ್ಟ್ರು:
ಖನಿಜದ ಪ್ರಶ್ನೆಗೂ ಉತ್ತರ ಕೊಡಬೇಕು. ನಮಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಾಗಿ ಸಿಗುವುದು ಊಟದಿಂದ. ರಾಗಿ, ಹಾಲು, ಮೊಸರು, ಸೊಪ್ಪು ತಿನ್ನುವವರಿಗೆ ನೀರಿನ ಪಾಲು ಸಣ್ಣದು. ಆದರೆ ಸಣ್ಣದು ಎಂದರೆ ಏನೂ ಅಲ್ಲ ಎಂದಲ್ಲ. ಖನಿಜ ತೀರಾ ಕಡಿಮೆ ಇರುವ ನೀರನ್ನೇ ವರ್ಷಗಟ್ಟಲೆ ಕುಡಿಯುವುದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಟಣೆಗಳಲ್ಲೂ ಆತಂಕ ಇದೆ. ಫ್ಲೋರೈಡ್ ಇರುವ ಊರಲ್ಲಿ ಈ ಆತಂಕವನ್ನು ಪಕ್ಕಕ್ಕಿಡಿ. ಅಲ್ಲಿ ಮೂಳೆ ಉಳಿಸಿಕೊಳ್ಳುವುದು ಮೊದಲು. ಕಾವೇರಿ ನೀರಿನವರು ಮಾತ್ರ ಒಳ್ಳೆಯ ಖನಿಜವನ್ನು ಸುಮ್ನೆ ಕಳೆದುಕೊಳ್ಳುತ್ತಿದ್ದೀರಿ.

2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಇದನ್ನೇ ಹೇಳಿತ್ತು. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ನಿಷೇಧಿಸಿ, ಬೇರೆ ಕಡೆ ಕನಿಷ್ಠ 60% ನೀರು ಕುಡಿಯಲು ಸಿಗುವ ಹಾಗೆ ನೋಡಿಕೊಳ್ಳಿ ಎಂದು ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು.

ಚಿಂತಾಮಣಿ_ಟೊಮೆಟೊ:
ನಮಗೆ ಆರ್‌ಓ ಬಿಟ್ಟು ಗತಿಯಿಲ್ಲ, ಬೋರ್ ಟಿಡಿಎಸ್ 1100. ಹೊರಗೆ ಬರುವ ನೀರನ್ನು ಗಿಡಕ್ಕೆ ಹಾಕಬಹುದಾ? ಕರಿಬೇವಿನ ಎಲೆ ತುದಿ ಸುಟ್ಟ ಹಾಗಾಗಿದೆ.

ಫಿಲ್ಟರ್_ರಿಪೇರಿ:
4 ಲೀಟರಿನ ಲವಣವನ್ನು 3 ಲೀಟರ್ ಹೊತ್ತುಕೊಂಡು ಬರುತ್ತದೆ. 1100 ಒಳಗೆ ಹೋದರೆ ಹೊರಗೆ ಹತ್ತಿರ ಹತ್ತಿರ 1450. ಕುಂಡದ ಗಿಡಕ್ಕೆ ದಿನಾ ಹಾಕಿದರೆ ಮಣ್ಣಲ್ಲಿ ಉಪ್ಪು ಕೂರುತ್ತದೆ, ಎಲೆ ತುದಿ ಸುಡುತ್ತದೆ. ನಿಮಗೆ ಟಾಯ್ಲೆಟ್, ನೆಲ ಒರೆಸೋದು, ಅಂಗಳ ತೊಳೆಯೋದು ಸರಿ. ಕಾರು ತೊಳೆದರೆ ಬಿಳಿ ಕಲೆ ಉಳಿಯುತ್ತದೆ. ಪೈಪ್ ಉದ್ದ ಮಾಡಿ ಒಂದು ಡ್ರಮ್ಮಿಗೆ ಬಿಟ್ಟುಕೊಳ್ಳಿ. ಕೈಗೆ ಸಿಗುವ ಜಾಗದಲ್ಲಿ ಡ್ರಮ್ ಇದ್ದರೆ ಮಾತ್ರ ಅದು ಬಳಕೆ ಆಗುತ್ತದೆ.

ನಲ್ಲಿ ತಿರುಗಿಸಿ ಹೊರ ನೀರು ಕಡಿಮೆ ಮಾಡಿಕೊಡಿ ಎಂದು ಹಲವರು ಕೇಳುತ್ತಾರೆ. ಗಡಸು ನೀರಿಗೆ ಹಾಗೆ ಮಾಡಿದರೆ ಮೆಂಬ್ರೇನ್ ಮೇಲೆ ಸುಣ್ಣ ಕಟ್ಟಿ ಬೇಗ ಹಾಳಾಗುತ್ತದೆ.

ಶಿರಾ_ಗೃಹಿಣಿ:
ಸರ್ವಿಸಿಗೆ ಬಂದವರು ಪ್ರತಿ ಸಲ ಮೆಂಬ್ರೇನ್ ಹೋಗಿದೆ ಎನ್ನುತ್ತಾರೆ. ನಮಗೆ ತಿಳಿಯುವುದು ಹೇಗೆ?

ಫಿಲ್ಟರ್_ರಿಪೇರಿ:
ಅಕ್ಕಾ, ಎರಡು ಕಡೆ ಮೀಟರ್ ಇಡಿ. ಒಳಗೆ ಹೋಗುವ ನೀರು, ಮೆಂಬ್ರೇನಿನಿಂದ ನೇರ ಬರುವ ನೀರು. ನಲ್ಲಿಯಲ್ಲಿ ಹಿಡಿಯಬೇಡಿ, ಅಲ್ಲಿ ತಿರುಪಿನ ನೀರು ಬೆರೆತಿರುತ್ತದೆ. ಮೆಂಬ್ರೇನ್ ಪೈಪ್ ಬಿಚ್ಚಿ ಹಿಡಿದು ತೋರಿಸಲು ಹೇಳಿ. ಒಳಗೆ 1000, ಹೊರಗೆ 80 ಬಂದರೆ ಮೆಂಬ್ರೇನ್ ಗಟ್ಟಿಯಾಗಿದೆ. 200 ದಾಟಿದರೆ ಬದಲಾಯಿಸಿ. ಹೊಸದು ಹಾಕಿದ ಮೇಲೂ ನಿಮ್ಮ ಎದುರಿಗೇ ಅಳೆಯಲಿ. ಹಳೆಯದನ್ನು ನೀವೇ ಇಟ್ಟುಕೊಳ್ಳಿ.

ಕ್ಲೋರಿನ್ ಮೆಂಬ್ರೇನನ್ನು ತಿಂದುಬಿಡುತ್ತದೆ. ನಗರದ ನೀರಿನವರು ಮೆಂಬ್ರೇನಿಗಿಂತ ಮೊದಲು ಕಾರ್ಬನ್ ಫಿಲ್ಟರ್ ಸಮಯಕ್ಕೆ ಬದಲಾಯಿಸಿ. ಒಳ್ಳೆ ನೀರಿನ ಟ್ಯಾಂಕನ್ನೂ ತೊಳೆಸಿ. ಕ್ಲೋರಿನ್ ಹೋದ ನೀರು ಅಲ್ಲಿ ನಿಂತಿರುತ್ತದೆ, ಒಳಗೋಡೆಗೆ ಬೆರಳು ಸವರಿದರೆ ಲೋಳೆ ಸಿಗುವ ಟ್ಯಾಂಕುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಹೊಸಮನೆ:
ಎಲ್ಲರಿಗೂ ಧನ್ಯವಾದ. ಮೇಷ್ಟ್ರು ಹೇಳಿದ ಹಾಗೆ ಉಪ್ಪು ಹಾಕಿ ತೋರಿಸಿದೆವು, ಅತ್ತೆ ಸಮಾಧಾನ ಆದರು. ಬೋರ್ ಬೆರೆತ ದಿನದ ನೀರನ್ನು ಲ್ಯಾಬಿಗೆ ಕೊಟ್ಟಿದ್ದೆ. ಟಿಡಿಎಸ್ 436, ಗಡಸುತನ 310, ಫ್ಲೋರೈಡ್ 0.7, ನೈಟ್ರೇಟ್ 31. ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇದೆ ಎಂದು ಬಂದಿದೆ. ಈಗ ಏನು ಮಾಡಲಿ?

ಕೆಮಿಸ್ಟ್ರಿ_ಮೇಷ್ಟ್ರು:
ನೋಡಿ, ಟಿಡಿಎಸ್ ಮೀಟರಿಗೆ ಕಾಣದೇ ಇದ್ದದ್ದೇ ನಿಮ್ಮ ತೊಂದರೆ. ಉಳಿದದ್ದೆಲ್ಲ ಕುಡಿಯಲು ತೊಂದರೆ ಇಲ್ಲದ ಮಟ್ಟದಲ್ಲಿದೆ. ಕೋಲಿಫಾರ್ಮ್ ಬಂತೆಂದರೆ ಎಲ್ಲೋ ಹೊಲಸು ಸೇರುತ್ತಿದೆ. ಇವತ್ತಿನಿಂದಲೇ ಮಗುವಿಗೆ ಕುದಿಸಿದ ನೀರು ಕೊಡಿ. ನೀರು ಮರಳಿ ಗುಳ್ಳೆ ಏಳಬೇಕು, ಬೆಚ್ಚಗಾದರೆ ಸಾಲದು. ಅಪಾರ್ಟ್‌ಮೆಂಟಿನವರಿಗೆ ರಿಪೋರ್ಟ್ ತೋರಿಸಿ ಸಂಪ್ ಖಾಲಿ ಮಾಡಿಸಿ ತೊಳೆಸಿ, ಬಿರುಕು ನೋಡಿಸಿ, ಪಕ್ಕದಲ್ಲಿ ಒಳಚರಂಡಿ ಪೈಪ್ ಹೋಗಿದೆಯಾ ನೋಡಿಸಿ. ಆಮೇಲೆ ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆ ಬ್ಲೀಚಿಂಗ್ ಪೌಡರ್ ಲೆಕ್ಕದಲ್ಲಿ ಹಾಕಿ ಒಂದು ಗಂಟೆ ಬಿಡಬೇಕು. ಮನೆಯೊಳಗೆ ಸೆಡಿಮೆಂಟ್, ಕಾರ್ಬನ್, ಯುವಿ ಇರುವ ಫಿಲ್ಟರ್ ಸಾಕು.

ಫಿಲ್ಟರ್_ರಿಪೇರಿ:
ಯುವಿ ಲ್ಯಾಂಪ್ ನೀಲಿಯಾಗಿ ಉರಿಯುತ್ತಿದೆ ಎಂದರೆ ಕೆಲಸ ಮಾಡುತ್ತಿದೆ ಎಂದಲ್ಲ. ಶಕ್ತಿ ಕುಂದುತ್ತಾ ಹೋಗುತ್ತದೆ, ವರ್ಷಕ್ಕೊಮ್ಮೆ ಬದಲಾಯಿಸಿ. ನೀರು ತಿಳಿಯಾಗಿದ್ದರೆ ಮಾತ್ರ ಅದು ನಾಟುತ್ತದೆ. ಟ್ಯಾಂಕರ್ ಬರುವ ಬೇಸಿಗೆಯಲ್ಲಿ ಇನ್ನೊಂದು ಸಲ ಪರೀಕ್ಷೆ ಮಾಡಿಸಿ, ಟ್ಯಾಂಕರಿನವರು ಎಲ್ಲಿಂದ ತುಂಬುತ್ತಾರೋ ಅದರ ಮೇಲೆ ನೀರು ಬದಲಾಗುತ್ತದೆ.

ಜಯನಗರ_ಹಳಬ:
ನಾನು ಒಪ್ಪುವುದಿಲ್ಲ. ಸಂಪ್ ತೊಳೆಸಿ ಎಂದು ನಮ್ಮ ಅಸೋಸಿಯೇಷನ್ನಿಗೆ ಹೇಳಿ ಹೇಳಿ ಸಾಕಾಗಿದೆ. ನೆರೆಹೊರೆಯವರನ್ನು ನಂಬಿ ಮೊಮ್ಮಕ್ಕಳಿಗೆ ನೀರು ಕೊಡಲಾರೆ. ಆರ್‌ಓ ಇದ್ದರೆ ನನಗೆ ನಿದ್ದೆ ಬರುತ್ತದೆ.

ಕೆಮಿಸ್ಟ್ರಿ_ಮೇಷ್ಟ್ರು:
ನಿಮ್ಮ ಭಯ ಅರ್ಥವಾಗುತ್ತದೆ ಸಾರ್. ಆದರೆ ನೀವು ಹೆದರುತ್ತಿರುವುದು ಸಂಪಿನ ಹೊಲಸಿಗೆ. ಅದಕ್ಕೆ ಯುವಿ, ಕುದಿಸುವುದು ಸಾಕು, ಮುಕ್ಕಾಲು ನೀರು ಚೆಲ್ಲಬೇಕಿಲ್ಲ. ಇಟ್ಟುಕೊಳ್ಳುವುದೇ ಆದರೆ ಹೊರ ನೀರನ್ನು ದಯವಿಟ್ಟು ಬಳಸಿ. ನಿಮ್ಮದು ಕಾವೇರಿ ಆದರೆ ಹೊರ ನೀರಿನ ಟಿಡಿಎಸ್ ಕೂಡ 300ರ ಒಳಗೇ ಇರುತ್ತದೆ. ಪಾತ್ರೆ, ಬಟ್ಟೆ, ಗಿಡ ಎಲ್ಲಕ್ಕೂ ಆಗುತ್ತದೆ.

ಪಾವಗಡದವ:
ಮೇಷ್ಟ್ರೇ, ಘಟಕ ಕೆಟ್ಟಾಗ ನಮಗೆ ಬೇರೆ ದಾರಿ ಇದೆಯಾ? ಎಲ್ಲರಿಗೂ ಮನೆಗೊಂದು ಮೆಷಿನ್ ಕೊಳ್ಳುವ ಶಕ್ತಿ ಇಲ್ಲ.

ಕೆಮಿಸ್ಟ್ರಿ_ಮೇಷ್ಟ್ರು:
ಇದೆ. ಮಳೆ ನೀರಲ್ಲಿ ಫ್ಲೋರೈಡ್ ತೊಂದರೆ ಇಲ್ಲ. 1 ಚದರ ಮೀಟರ್ ತಾರಸಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. ವರ್ಷಕ್ಕೆ 500 ಮಿಲಿಮೀಟರ್ ಅಂದುಕೊಂಡರೂ 50 ಚದರ ಮೀಟರ್ ತಾರಸಿಗೆ 25,000 ಲೀಟರ್. ಐದನೇ ಒಂದು ಪಾಲು ಸೋರಿ ಹೋದರೂ 20,000 ಉಳಿಯಿತು. ನಾಲ್ಕು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಅಂದರೆ ವರ್ಷಕ್ಕೆ 7,300 ಸಾಕು. ಶುರುವಿನ ಮಳೆಯನ್ನು ಹೊರಗೆ ಬಿಟ್ಟು ತಾರಸಿ ತೊಳೆಯಲಿ. ಆಮೇಲೆ ಮರಳು, ಜಲ್ಲಿಯಲ್ಲಿ ಸೋಸಿ ಮುಚ್ಚಿದ ತೊಟ್ಟಿಗೆ ಬಿಡಿ. ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ. ಕುಡಿಯುವ ಮುಂಚೆ ಕುದಿಸಿ. ಕಷ್ಟ ಎಂದರೆ ತೊಟ್ಟಿ ಕಟ್ಟುವ ಖರ್ಚು. ಎರಡು ಮೂರು ಮನೆಯವರು ಸೇರಿದರೆ ಕಡಿಮೆಯಾಗುತ್ತದೆ.

ಗ್ರಾಮ ಪಂಚಾಯಿತಿಯಲ್ಲಿ ಜಲ ಜೀವನ್ ಮಿಷನ್ ಪರೀಕ್ಷಾ ಕಿಟ್ ಕೇಳಿ. ಫ್ಲೋರೈಡ್ ಇದೆಯಾ ಎಂದು ಬಣ್ಣ ನೋಡಿ ಹೇಳಬಹುದು. ಬ್ಯಾಕ್ಟೀರಿಯಾಕ್ಕೆ ಸಣ್ಣ ಬಾಟಲಿ ಕೊಡುತ್ತಾರೆ, ನೀರು ತುಂಬಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಟ್ಟರೆ ಕೆಟ್ಟ ನೀರು ಕಪ್ಪಾಗುತ್ತದೆ. ಊರಿನ ಪ್ರತಿ ಬೋರಿನದ್ದೂ ಮಾಡಿಸಿ. ಒಂದೇ ಊರಲ್ಲಿ ಒಂದು ಬೋರಿನಲ್ಲಿ 3, ಇನ್ನೊಂದರಲ್ಲಿ 1ಕ್ಕಿಂತ ಕಡಿಮೆ ಇರುವುದುಂಟು. ಅಂಥ ಬೋರ್ ಸಿಕ್ಕರೆ ಅದನ್ನು ಕುಡಿಯಲು ಮಾತ್ರ ಇಟ್ಟುಕೊಳ್ಳಿ.

ಪಾವಗಡದವ:
ಸೋಮವಾರ ಪಂಚಾಯಿತಿಗೆ ಹೋಗುತ್ತೇನೆ. ಕಿಟ್ ಸಿಕ್ಕಿದರೆ ಶಾಲೆಯ ಬೋರಿನಿಂದ ಶುರು ಮಾಡುತ್ತೇನೆ, ಬಂದದ್ದನ್ನು ಇಲ್ಲೇ ಬರೆಯುತ್ತೇನೆ.